ವೋಟ್ ಇಲ್ದಿದ್ರೂ ಮೈಕ್ ಇದೆ: ಕೌಂಟಿ ಮೀಟಿಂಗಲ್ಲಿ ಮಾತಾಡೋದು ಹೇಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಕೌಂಟಿಲಿ (ಕೌಂಟಿ ಅಂದ್ರೆ ನಮ್ ಜಿಲ್ಲೆ ಥರ) ಒಂದು ಕಡೆ ಪೆಸಿಫಿಕ್ ಸಮುದ್ರ, ಇನ್ನೊಂದು ಕಡೆ ಕೊಲ್ಲಿ. ಇಲ್ಲಿರೋ ಜನರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ರು ಬೇರೆ ದೇಶದಲ್ಲಿ ಹುಟ್ಟಿದೋರು, ನಮ್ ಕನ್ನಡದೋರೂ ಅದ್ರಲ್ಲಿ ಸೇರಿದ್ದಾರೆ. ಆದ್ರೆ ಯಾರನ್ನ ಕೇಳಿದ್ರೂ ಒಂದೇ ಮಾತು, "ನಾವು ಎಚ್‌ಒನ್‌ಬಿ ಕೆಲಸದ ವೀಸಾದೋರು, ನಮ್ಗೆ ವೋಟೇ ಇಲ್ಲ, ನಮ್ ಮಾತು ಯಾರ್ ಕೇಳ್ತಾರೆ?" ವೋಟ್ ಇಲ್ಲ ಅನ್ನೋದು ನಿಜ. ಮಾತಾಡೋ ಹಕ್ಕಿಲ್ಲ ಅನ್ನೋದು ಖಂಡಿತ ಸುಳ್ಳು. ಬ್ರೌನ್ ಆಕ್ಟ್ ಅಂತ 1953ರ ಕಾನೂನೊಂದಿದೆ, ಅದ್ರ ಪ್ರಕಾರ ಸ್ಥಳೀಯ ಸರ್ಕಾರದ ಮೀಟಿಂಗು ಬಾಗಿಲು ತೆರೆದೇ ನಡೀಬೇಕು, ಬಂದ ಜನಕ್ಕೆ ಮಾತಾಡಕ್ಕೆ ಅವಕಾಶ ಕೊಡಲೇಬೇಕು, ಅಲ್ಲಿ ಯಾರೂ ಸಿಟಿಜನ್ನಾ ಅಂತ ಕೇಳಲ್ಲ.

ಮೊದ್ಲು ನಿಮ್ ಸಮಸ್ಯೆ ಯಾರ ಕೈಲಿದೆ ಅಂತ ಪತ್ತೆ ಮಾಡಿ. ಅರ್ಧ ಜನ ಎಡವೋದೇ ಇಲ್ಲಿ. ಈ ಕೌಂಟಿ ಒಳಗೆ 20 ಊರುಗಳಿಗೆ ಅವುಗಳದ್ದೇ ಸಿಟಿ ಅಥವಾ ಟೌನ್ ಕೌನ್ಸಿಲ್ ಇದೆ, ಫಾಸ್ಟರ್ ಸಿಟಿ ಪಾರ್ಕಿನ ವಿಷ್ಯ ಆದ್ರೆ ಫಾಸ್ಟರ್ ಸಿಟಿ ಕೌನ್ಸಿಲ್‌ಗೇ ಹೋಗ್ಬೇಕು. ಆದ್ರೆ ಸಮುದ್ರದ ಕಡೆ ಇರೋ ಮಾಸ್ ಬೀಚ್, ಮೊಂಟಾರಾ, ಪೆಸ್ಕಡೆರೊ ಇವೆಲ್ಲ ಯಾವ ಸಿಟಿಗೂ ಸೇರಿಲ್ಲ, ಅಲ್ಲಿ ಕೌಂಟಿನೇ ಪಂಚಾಯ್ತಿ, ಕೌಂಟಿನೇ ಮುನ್ಸಿಪಾಲ್ಟಿ ಅಂದ್ಕೊಳ್ಳಿ. ಅದ್ರಲ್ಲೂ ಹೈವೇ ನಂಬರ್ 1 ಕ್ಯಾಲ್‌ಟ್ರಾನ್ಸ್ ಅನ್ನೋ ರಾಜ್ಯದ ಸಾರಿಗೆ ಇಲಾಖೆದು, ಬಸ್ಸು ಸ್ಯಾಮ್‌ಟ್ರಾನ್ಸ್ ಅನ್ನೋ ಬೇರೆ ಸಂಸ್ಥೆದು. ತಪ್ಪು ಬಾಗಿಲು ತಟ್ಟಿ ಮೂರು ತಿಂಗಳು ಕಾಯೋದಕ್ಕಿಂತ ಒಂದು ಫೋನ್ ಮಾಡಿ ಕೇಳ್ಕೊಳ್ಳೋದು ಎಷ್ಟೋ ವಾಸಿ.

ಕೌಂಟಿದೇ ವಿಷ್ಯ ಅಂತ ಗೊತ್ತಾದ್ಮೇಲೆ ಬೋರ್ಡ್ ಆಫ್ ಸೂಪರ್ವೈಸರ್ಸ್, ಅಂದ್ರೆ ಕೌಂಟಿ ನಡೆಸೋ ಮಂಡಳಿಯ ಅಜೆಂಡಾ ನೋಡಿ. ಬೋರ್ಡಲ್ಲಿ ಐದು ಜನ, ಒಬ್ಬೊಬ್ರು ಕೌಂಟಿಯ ಒಂದೊಂದು ಡಿಸ್ಟ್ರಿಕ್ಟಿಂದ (ಕ್ಷೇತ್ರದಿಂದ) ಆರಿಸಿ ಬಂದೋರು, ಮೀಟಿಂಗ್ ನಡೆಯೋದು ರೆಡ್‌ವುಡ್ ಸಿಟಿಲಿ. ಮಾಮೂಲಿ ಮೀಟಿಂಗಿನ ಅಜೆಂಡಾ 72 ಗಂಟೆ ಮುಂಚೆನೇ ಹಾಕಿರ್ಬೇಕು. ನಿಮ್ ವಿಷ್ಯ ಅದ್ರಲ್ಲಿದ್ರೆ ಆ ಐಟಂ ಬಂದಾಗ ಮಾತಾಡಿ, ಇಲ್ಲಾಂದ್ರೆ ಪಬ್ಲಿಕ್ ಕಾಮೆಂಟ್ ಅಂತ ಬೇರೆ ಹೊತ್ತು ಇಟ್ಟಿರ್ತಾರೆ. ಒಂದು ನೆನಪಿರ್ಲಿ, ಅಜೆಂಡಾದಲ್ಲಿ ಇಲ್ಲದ ವಿಷ್ಯಕ್ಕೆ ಅವ್ರು ಅಲ್ಲೇ ತೀರ್ಮಾನ ತಗೊಳ್ಳೋ ಹಾಗಿಲ್ಲ, ಕಾನೂನೇ ಬಿಡಲ್ಲ, ಹಾಗಾಗಿ ಸುಮ್ನೆ ಕೇಳ್ಕೊಂಡು ಥ್ಯಾಂಕ್ಯೂ ಅಂದ್ರೆ ಬೇಜಾರಾಗ್ಬೇಡಿ.

ಮಾತಾಡಕ್ಕೆ ಸಾಮಾನ್ಯವಾಗಿ ಎರಡೋ ಮೂರೋ ನಿಮಿಷ ಸಿಗತ್ತೆ. ಮನೇಲಿ ಬರ್ಕೊಂಡು ಫೋನಲ್ಲಿ ಟೈಮರ್ ಇಟ್ಟು ಜೋರಾಗಿ ಓದಿ ನೋಡಿ. ಪೀಠಿಕೆ ಬೇಡ, ಏನ್ ಬೇಕು ಅನ್ನೋದು ಮೊದಲ್ನೇ ವಾಕ್ಯದಲ್ಲೇ ಬರ್ಲಿ, ಜಾಗ ಯಾವ್ದು ಅಂತ ಖಚಿತವಾಗಿ ಹೇಳಿ.

ಇನ್ನು ನಂಗೆ ತುಂಬಾ ಇಷ್ಟ ಆದ ನಿಯಮ. ಇಂಗ್ಲಿಷ್ ಬರದೇ ಇರೋರು ಅನುವಾದ ಮಾಡೋರನ್ನ ಜೊತೆಗಿಟ್ಕೊಂಡು ಮಾತಾಡಿದ್ರೆ ಕನಿಷ್ಠ ಎರಡರಷ್ಟು ಟೈಮ್ ಕೊಡ್ಬೇಕು, ಮಾತಾಡ್ತಿದ್ದ ಹಾಗೇ ಹೆಡ್‌ಫೋನಲ್ಲಿ ಅನುವಾದ ಕೇಳಿಸೋ ವ್ಯವಸ್ಥೆ ಇದ್ರೆ ಮಾತ್ರ ಬೇಡ. ಅಂದ್ರೆ ಊರಿಂದ ಆರು ತಿಂಗಳಿಗೆ ಬಂದಿರೋ ನಿಮ್ ಅಪ್ಪ ಅಮ್ಮನೂ ಕನ್ನಡದಲ್ಲೇ ಮಾತಾಡ್ಬಹುದು! ನಮ್ಮಮ್ಮ ತೀರ್ಥಹಳ್ಳಿಯಿಂದ ಬಂದಿದ್ದಾಗ ದಿನಾ ಸಂಜೆ ಸಮುದ್ರದ ಪಕ್ಕ ವಾಕಿಂಗ್ ಹೋಗ್ತಿದ್ರು, ಮಂಡಿ ನೋವು, ದಾರೀಲಿ ಒಂದು ಬೆಂಚ್ ಇದ್ರೆ ಆಗ್ತಿತ್ತು ಅಂತ ದಿನಾ ಅನ್ನೋರು. ನಾನೇ ಒಂದಿನ "ಬಾಮ್ಮ, ನೀನೇ ಕೇಳು" ಅಂತ ಕರ್ಕೊಂಡು ಹೋದೆ. ಕ್ಯಾಲೆಂಡರ್ ಹಾಳೆ ಹಿಂದೆ ನಾಲ್ಕು ಸಾಲು ಬರ್ಕೊಂಡಿದ್ರು, ಮೈಕ್ ಮುಂದೆ ನಿಂತಾಗ ಆ ಹಾಳೆ ನಡುಗ್ತಿತ್ತು, ಆದ್ರೂ ಅದನ್ನ ನೋಡ್ದೇನೇ ಹೇಳಿದ್ರು, "ನಂಗೆ ವಯಸ್ಸಾಯ್ತು, ಸಮುದ್ರ ನೋಡ್ತಾ ಎರಡು ನಿಮಿಷ ಕೂರಕ್ಕೆ ಒಂದು ಬೆಂಚ್ ಹಾಕ್ಸಿ ಕೊಡಿ." ನಾನು ಇಂಗ್ಲಿಷಲ್ಲಿ ಹೇಳೋವಾಗ ನನ್ ಗಂಟಲೇ ಕಟ್ಟಿತ್ತು.

ಇದೇ ಹೊತ್ತಲ್ಲಿ ಒಂದು ಎಚ್ಚರಿಕೆ. ಡಿಎಂವಿಲಿ (ನಮ್ ಆರ್‌ಟಿಒ ಥರದ ಆಫೀಸು) ಲೈಸೆನ್ಸ್ ಮಾಡಿಸೋವಾಗ ವೋಟರ್ ರಿಜಿಸ್ಟ್ರೇಷನ್ ಪ್ರಶ್ನೆ ಬರತ್ತೆ, ಗ್ರೀನ್‌ಕಾರ್ಡ್ ಇದ್ರೂ ಸಿಟಿಜನ್ ಆಗಿರದೇ ಇದ್ರೆ ಹೌದು ಅಂತ ಯಾವ ಕಾರಣಕ್ಕೂ ಟಿಕ್ ಮಾಡ್ಬೇಡಿ, ಮುಂದೆ ಇಮಿಗ್ರೇಷನ್‌ನಲ್ಲಿ ದೊಡ್ಡ ತೊಂದ್ರೆ ಆಗತ್ತೆ. ಮೀಟಿಂಗಲ್ಲಿ ಮಾತಾಡೋದಕ್ಕೂ ಇದಕ್ಕೂ ಸಂಬಂಧನೇ ಇಲ್ಲ.

ಮಾತಾಡಿ ಮುಗಿದ ತಕ್ಷಣ ಓಡಿ ಹೋಗ್ಬೇಡಿ, ಕೆಲಸ ಆಗೋದು ಆಮೇಲೇನೇ. ಅದೇ ನಾಲ್ಕು ಸಾಲನ್ನ ಒಂದು ಫೋಟೋ ಸಮೇತ ನಿಮ್ ಡಿಸ್ಟ್ರಿಕ್ಟಿನ ಸೂಪರ್ವೈಸರ್ ಆಫೀಸಿಗೆ ಅವತ್ತೇ ಇಮೇಲ್ ಮಾಡಿ, ಎರಡು ವಾರ ಬಿಟ್ಟು ಮತ್ತೆ ಕೇಳಿ. ನಾವು ಹೊರಗೆ ಬಂದಾಗ ಸಿಬ್ಬಂದಿ ಒಬ್ರು ಹಿಂದೇನೇ ಬಂದು, ಬೆಂಚ್ ಕರೆಕ್ಟಾಗಿ ಎಲ್ಲಿ ಬೇಕು ಅಂತ ಕೇಳಿದ್ರು. ನಾನು ಫೋನಲ್ಲಿ ಮ್ಯಾಪ್ ತೆಗೆದೆ, ಅಮ್ಮ ಕನ್ನಡಕ ಹಾಕ್ಕೊಂಡು ಹುಡುಕಿ ಹುಡುಕಿ, ದಾರಿ ತಿರುಗೋ ಕಡೆ ಇರೋ ಸೈಪ್ರೆಸ್ ಮರದ ಮೇಲೆ ಬೆರಳಿಟ್ಟು, "ಇಲ್ಲಿ, ಇದ್ರ ನೆರಳಲ್ಲಿ" ಅಂದ್ರು.