ಏಳು ಸರ್ವರ್, ಏಳು ಫೈಲ್: ಹೋಸ್ಟ್ ವೇರಿಯೇಬಲ್ ಜೊತೆ ನನ್ನ ಅನುಭವ

ಶಿರಸಿಯಲ್ಲಿ ಕೂತು ಏಳು ಊರಿನ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಅಡಿಕೆ ವ್ಯವಹಾರದ ಒಂದು ಸಂಸ್ಥೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಘಟ್ಟದ ಕೆಳಗೆ ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರ. ಪ್ರತಿ ಶಾಖೆಯಲ್ಲೂ ಒಂದು ಸಣ್ಣ ಲಿನಕ್ಸ್ ಸರ್ವರ್. ಮೊದಲೆಲ್ಲ ಒಂದೊಂದಕ್ಕೂ ಲಾಗಿನ್ ಆಗಿ ಸೆಟ್ಟಿಂಗ್ ಬದಲಿಸುತ್ತಿದ್ದೆ. ಆಮೇಲೆ ಆನ್ಸಿಬಲ್ ಹಿಡಿದೆ, ಒಂದೇ ಕಡೆಯಿಂದ ಎಷ್ಟೋ ಸರ್ವರುಗಳ ಸೆಟ್ಟಿಂಗ್ ಬದಲಿಸುವ ಸಾಫ್ಟ್‌ವೇರ್ ಅದು. ಆ ಕಡೆಯ ಸರ್ವರಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಮತ್ತು ಪೈಥಾನ್ ಇದ್ದರೆ ಸಾಕು, ಬೇರೇನೂ ಹಾಕಬೇಕಿಲ್ಲ.

ಏನೇನು ಮಾಡಬೇಕು ಅಂತ ಬರೆದಿಡುವ ಪ್ಲೇಬುಕ್ ಏಳಕ್ಕೂ ಒಂದೇ. ಆದರೆ ಊರುಗಳು ಒಂದೇ ಥರ ಇರಲ್ಲ ಅಲ್ವಾ? ಯಲ್ಲಾಪುರದಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಬೇಗ ಬರುವುದಿಲ್ಲ, ಅಲ್ಲಿ ಯುಪಿಎಸ್ ಖಾಲಿಯಾಗುವ ಮೊದಲೇ ಸರ್ವರ್ ತಾನಾಗಿ ಆಫ್ ಆಗಬೇಕು. ಕುಮಟಾದಲ್ಲಿ ರಸ್ತೆ ಕೆಲಸಕ್ಕೆ ಫೈಬರ್ ತುಂಡಾಗಿ, ಸ್ವಲ್ಪ ದಿನ ಮೊಬೈಲ್ ಸಿಮ್ ಮೇಲೆ ಶಾಖೆ ನಡೆಯಿತು. ಅಲ್ಲಿಂದ ರಾತ್ರಿ ಬ್ಯಾಕಪ್ ಕಳಿಸಬಾರದು.

ಆಗ ನನ್ನ ಇನ್ವೆಂಟರಿ, ಅಂದರೆ ಸರ್ವರುಗಳ ಪಟ್ಟಿ, ಒಂದೇ ಐಎನ್‌ಐ (ಸರಳ ಸೆಟ್ಟಿಂಗ್ ಫೈಲಿನ ಒಂದು ಬಗೆ) ಫೈಲ್. ಕರಾವಳಿ ಗುಂಪಿಗೆ ರಾತ್ರಿ ಬ್ಯಾಕಪ್ 'ಟ್ರೂ' ಎಂದಿತ್ತು. ಕುಮಟಾದ ಸಾಲಿನ ಕೊನೆಗೆ ಅದನ್ನೇ ಇಂಗ್ಲಿಷಿನ ಸಣ್ಣಕ್ಷರದಲ್ಲಿ 'ಫಾಲ್ಸ್' ಎಂದು ಬರೆದು ಓಡಿಸಿದೆ. ಬೆಳಿಗ್ಗೆ ಕುಮಟಾದಿಂದ ಫೋನ್: "ಬಿಲ್ಲೇ ಆಗ್ತಾ ಇಲ್ಲ ಮಾರಾಯ್ರೆ." ಸಿಮ್ಮಿನ ಆ ದಿನದ ಮೊಬೈಲ್ ಡೇಟಾ ಅಷ್ಟೂ ಬ್ಯಾಕಪ್ಪಿಗೇ ಖರ್ಚಾಗಿತ್ತು.

ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಐಎನ್‌ಐ ಫೈಲಿನಲ್ಲಿ ಸಣ್ಣಕ್ಷರದ ಫಾಲ್ಸ್ ಬರೀ ಐದು ಅಕ್ಷರದ ಪದ. ಸರ್ವರಿನ ಸೆಟ್ಟಿಂಗ್ ಫೈಲಿಗೆ ಅಚ್ಚಿನಂತಿರುವ ಟೆಂಪ್ಲೇಟಿನಲ್ಲಿ ನಾನು 'ಬ್ಯಾಕಪ್ ಇದ್ದರೆ' ಎಂದು ಕೇಳಿದ್ದೆ. ಖಾಲಿ ಇಲ್ಲದ ಯಾವ ಪದಕ್ಕೂ ಜಿಂಜಾ (ಆ ಟೆಂಪ್ಲೇಟ್ ಓದುವ ಭಾಗ) ಕೊಡುವ ಉತ್ತರ 'ಹೌದು'. ಅದೇ ಪದವನ್ನು ಯಾಮಲ್ ಎಂಬ ಇನ್ನೊಂದು ಬಗೆಯ ಫೈಲಿನಲ್ಲಿ ಉದ್ಧರಣ ಚಿಹ್ನೆ ಇಲ್ಲದೆ ಬರೆದರೆ ಅದು ನಿಜವಾದ 'ಇಲ್ಲ'.

ಸರಿ, ಅವತ್ತೇ ಎಲ್ಲ ಬಿಚ್ಚಿ ಬೇರೆ ಮಾಡಿದೆ. ಇಡೀ ಗುಂಪಿನ ಸೆಟ್ಟಿಂಗ್ ಗ್ರೂಪ್_ವಾರ್ಸ್ ಫೋಲ್ಡರಿನ ಯಾಮಲ್ ಫೈಲಿಗೆ. ಒಂದೊಂದು ಊರಿನ ಸರ್ವರಿನದು, ಅಂದರೆ ಹೋಸ್ಟ್ ವೇರಿಯೇಬಲ್, ಹೋಸ್ಟ್_ವಾರ್ಸ್ ಫೋಲ್ಡರಿನಲ್ಲಿ ಆ ಸರ್ವರಿನ ಹೆಸರಿನದೇ ಫೈಲಿಗೆ. ಎರಡೂ ಇನ್ವೆಂಟರಿ ಫೈಲಿನ ಪಕ್ಕದಲ್ಲೇ. ಗುಂಪು ಹೇಳಿದ್ದಕ್ಕಿಂತ ಹೋಸ್ಟ್ ಹೇಳಿದ್ದೇ ಮೇಲು, ಹಾಗಾಗಿ ಕುಮಟಾದ ಫೈಲಿನಲ್ಲಿ ಫಾಲ್ಸ್ ಇದ್ದರೆ ಸಾಕು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಫೋನ್. ನನಗೆ ನಿಜಕ್ಕೂ ಬೇಜಾರಾಯಿತು. ಬಿಲ್ಲಿಗಾಗಿ ಜನ ಕೌಂಟರಿನ ಮುಂದೆ ಕಾಯುತ್ತಿದ್ದರು.

ಈ ಸಲ ಊಹೆ ಮಾಡುತ್ತ ಕೂರಲಿಲ್ಲ. 'ಆನ್ಸಿಬಲ್-ಇನ್ವೆಂಟರಿ' ಕಮಾಂಡಿಗೆ 'ಹೋಸ್ಟ್' ಆಯ್ಕೆ ಕೊಟ್ಟು ಕುಮಟಾದ ಹೆಸರು ಹಾಕಿದೆ. ಇನ್ವೆಂಟರಿಯ ಎಲ್ಲ ಕಡೆಯದ್ದೂ ಸೇರಿ ಆ ಸರ್ವರಿನ ಒಂದೊಂದು ಸೆಟ್ಟಿಂಗಿಗೆ ಕೊನೆಗೆ ಯಾವ ಬೆಲೆ (ವ್ಯಾಲ್ಯೂ) ಸಿಗುತ್ತದೆ ಅಂತ ಅದು ತೋರಿಸುತ್ತದೆ. ಬ್ಯಾಕಪ್ ಎದುರು ಟ್ರೂ! ನನ್ನ ಫೈಲನ್ನು ಅದು ಓದೇ ಇರಲಿಲ್ಲ. ಇನ್ವೆಂಟರಿಯಲ್ಲಿ ಕುಮಟಾವನ್ನು ಇಂಗ್ಲಿಷಿನ ಐದು ಅಕ್ಷರದಲ್ಲಿ ಬರೆದಿದ್ದೆ, ಫೈಲಿನ ಹೆಸರಿನಲ್ಲಿ ನಡುವೆ ಒಂದು 'ಎ' ಜಾಸ್ತಿ ಇತ್ತು. ಹೆಸರು ತಾಳೆಯಾಗದ ಫೈಲನ್ನು ಆನ್ಸಿಬಲ್ ಸುಮ್ನೆ ಬಿಟ್ಟುಬಿಡುತ್ತದೆ, ತಪ್ಪು ಅಂತ ಹೇಳುವುದಿಲ್ಲ. ನಮ್ಮ ಊರುಗಳ ಹೆಸರಂತೂ ಇಂಗ್ಲಿಷಿನಲ್ಲಿ ಒಬ್ಬೊಬ್ಬರದು ಒಂದೊಂದು ಥರ. ಶಿರಸಿ, ಕಾರವಾರದ್ದೂ ಅದೇ ಕಥೆ. ಈಗ ಫೈಲಿನ ಹೆಸರನ್ನು ನಾನು ಟೈಪ್ ಮಾಡುವುದಿಲ್ಲ, ಇನ್ವೆಂಟರಿಯಿಂದ ನಕಲು ಮಾಡುತ್ತೇನೆ.

ಹೊಸಬರಿಗೆ ಇನ್ನೊಂದು ಮಾತು. ಕಮಾಂಡ್ ಜೊತೆ '-ಇ' ಹಾಕಿ ಕೊಟ್ಟ ಬೆಲೆ ಎಲ್ಲಕ್ಕಿಂತ ಮೇಲು. ಅವಸರಕ್ಕೆ ಒಳ್ಳೆಯದೇ. ಆದರೆ ಅದು ಯಾವ ಫೈಲಿನಲ್ಲೂ ಉಳಿಯುವುದಿಲ್ಲ, ಮುಂದಿನ ಸಲ ಹಳೆಯ ಬೆಲೆಯೇ ವಾಪಸ್ ಬರುತ್ತದೆ. ಪಾಸ್‌ವರ್ಡ್ ಮಾತ್ರ ಈ ಫೈಲುಗಳಲ್ಲಿ ಹಾಗೇ ಬರೆಯಬೇಡಿ, ಗುಟ್ಟಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವ ಆನ್ಸಿಬಲ್ ವಾಲ್ಟ್ ಇರುವುದೇ ಅದಕ್ಕೆ.

ಏಳೂ ಫೈಲಿನಲ್ಲಿ ಪ್ರತಿ ಬೆಲೆಯ ಮೇಲೆ ಒಂದು ಸಾಲು ಕಾರಣ ಬರೆದಿದ್ದೇನೆ. ಕುಮಟಾದ್ದು ಹೀಗಿತ್ತು: "ಸಿಮ್ ಮೇಲೆ ನಡೀತಿದೆ, ಫೈಬರ್ ಬಂದ ದಿನ ಈ ಸಾಲು ತೆಗೆಯಬೇಕು." ಫೈಬರ್ ಬಂದ ದಿನ ತೆಗೆದೆ. ಆ ರಾತ್ರಿಯ ಬ್ಯಾಕಪ್ ಬೆಳಿಗ್ಗೆ ಶಿರಸಿಯಲ್ಲಿತ್ತು, ಫೋನ್ ಬರಲಿಲ್ಲ.