ಡಿಎಂಎಸ್ ನಿಂತ ದಿನ ಕಾರು ಶೋರೂಮ್ ನಡೆಸುವುದು ಹೇಗೆ

ಆಯುಧಪೂಜೆಯ ಬೆಳಿಗ್ಗೆ ಮೂವತ್ತು ಕಾರುಗಳಿಗೆ ಹೂವಿನ ಹಾರ ಹಾಕಿ ನಿಲ್ಲಿಸಲಾಗಿದೆ. ಒಂಬತ್ತು ಗಂಟೆಯ ಮುಹೂರ್ತಕ್ಕೆಂದು ಕುಟುಂಬಗಳು ಬಂದು ಕುಳಿತಿವೆ. ಬಿಲ್ಲಿಂಗ್ ಕೌಂಟರಿನ ಪರದೆಯ ಮೇಲೆ ಮಾತ್ರ ಸುತ್ತುವ ಚಕ್ರವೊಂದನ್ನು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ. ಆ ಶೋರೂಮಿನ ಮ್ಯಾನೇಜರು ಮುಂದಿನ ಹತ್ತು ನಿಮಿಷಗಳಲ್ಲಿ ಏನು ಮಾಡಬಲ್ಲರು ಎಂಬುದು, ಹಬ್ಬಕ್ಕೆ ಮೂರು ತಿಂಗಳು ಮೊದಲು ಅವರು ಏನನ್ನು ಸಿದ್ಧಮಾಡಿಟ್ಟುಕೊಂಡಿದ್ದರು ಎಂಬುದನ್ನೇ ಅವಲಂಬಿಸಿರುತ್ತದೆ. ಇಲ್ಲಿ ಹೇಳಹೊರಟಿರುವುದು ಆ ಸಿದ್ಧತೆಯ ವಿಚಾರ.

ಬುಕಿಂಗ್, ಸ್ಟಾಕ್, ಬಿಲ್, ಜಾಬ್ ಕಾರ್ಡ್ (ಸರ್ವಿಸಿಗೆ ಬಂದ ಕಾರಿನ ಕೆಲಸದ ಚೀಟಿ), ಬಿಡಿಭಾಗ, ವಾರಂಟಿ ಎಲ್ಲವನ್ನೂ ಒಂದೇ ಕಡೆ ಹಿಡಿದಿಡುವ ತಂತ್ರಾಂಶಕ್ಕೆ ಡಿಎಂಎಸ್ (ಡೀಲರ್ ಮ್ಯಾನೇಜ್‌ಮೆಂಟ್ ಸಿಸ್ಟಮ್) ಎನ್ನುತ್ತೇವೆ. ನಮ್ಮಲ್ಲಿ ಸಾಮಾನ್ಯವಾಗಿ ಅದು ಕಾರು ತಯಾರಿಸುವ ಕಂಪನಿಯದು. ನೋಂದಣಿಯ ವಾಹನ್ ಪೋರ್ಟಲ್ ಸರ್ಕಾರದ್ದು. ಬಿಲ್ಲನ್ನು ಸರ್ಕಾರಿ ಪೋರ್ಟಲಿನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ ಜಿಎಸ್‌ಟಿ ವ್ಯವಸ್ಥೆಯದು. ವಿಮೆಯ ಪೋರ್ಟಲ್ ವಿಮಾ ಕಂಪನಿಯದು. ದಿನವಿಡೀ ಕೆಲಸ ನಡೆಯುವ ಈ ನಾಲ್ಕರಲ್ಲಿ ಒಂದೂ ಡೀಲರನ ಕೈಯಲ್ಲಿಲ್ಲ. 2024ರ ಜೂನ್ 19ರಂದು ಅಮೆರಿಕದ ಸಿಡಿಕೆ ಗ್ಲೋಬಲ್ ಎಂಬ ಡಿಎಂಎಸ್ ಕಂಪನಿ ಸೈಬರ್ ದಾಳಿಗೆ ಸಿಕ್ಕಿ ತನ್ನ ವ್ಯವಸ್ಥೆಯನ್ನೇ ಮುಚ್ಚಬೇಕಾಯಿತು. ಚೇತರಿಸಿಕೊಳ್ಳುವಷ್ಟರಲ್ಲಿ ಎರಡನೆಯ ದಾಳಿಯೂ ನಡೆದು, ಉತ್ತರ ಅಮೆರಿಕದ ಸುಮಾರು 15,000 ಡೀಲರ್‌ಶಿಪ್‌ಗಳು ಎರಡು ವಾರಗಳ ಕಾಲ ತೊಂದರೆಗೊಳಗಾದವು. ಅನೇಕ ಕಡೆ ಕಾಗದ ಮತ್ತು ಪೆನ್ನಿನಲ್ಲೇ ವ್ಯಾಪಾರ ನಡೆಯಿತು. 2025ರಲ್ಲಿ ದಾಳಿಗೆ ಒಳಗಾದದ್ದು ಟಾಟಾ ಮೋಟಾರ್ಸ್ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್. ಬ್ರಿಟನ್ನಿನಲ್ಲಿ ಹೊಸ ನಂಬರ್ ಪ್ಲೇಟ್ ಸರಣಿ ಆರಂಭವಾಗುವ ಸೆಪ್ಟೆಂಬರ್ 1ರ ಹೊತ್ತಿಗೇ ಅದು ಬಡಿದಿದ್ದರಿಂದ, ಅಲ್ಲಿನ ಡೀಲರುಗಳಿಗೆ ಹೊಸ ಕಾರುಗಳನ್ನು ನೋಂದಾಯಿಸುವುದೇ ಕಷ್ಟವಾಯಿತು. ತಪ್ಪು ಡೀಲರನದಲ್ಲದಿದ್ದರೂ ಗ್ರಾಹಕನ ಎದುರು ನಿಂತು ಉತ್ತರ ಹೇಳಬೇಕಾದವನು ಅವನೇ.

ಆದ್ದರಿಂದ ಮೊದಲು ಮಾಡಬೇಕಾದದ್ದು ಯಾವ ಸಾಫ್ಟ್‌ವೇರನ್ನೂ ಕೊಳ್ಳುವುದಲ್ಲ. ಡಿಎಂಎಸ್, ವಾಹನ್, ಇ-ಇನ್‌ವಾಯ್ಸ್, ವಿಮೆ ಇವುಗಳಲ್ಲಿ ಒಂದೊಂದೂ ನಿಂತಾಗ ಯಾವ ಕೆಲಸ ಕಾಗದದ ಮೇಲೆ ಮುಂದುವರಿಯಬಹುದು, ಯಾವುದು ನಿಲ್ಲಲೇಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಮಾಲೀಕರ ಸಹಿ ಹಾಕಿಸಿ ಇಡಬೇಕು. ಏನನ್ನು ಮುಂದುವರಿಸಬಹುದು ಎಂಬುದು ಅನುಭವಿಗಳಿಗೆ ಹೇಗೋ ಹೊಳೆಯುತ್ತದೆ. ಗ್ರಾಹಕರು ಕೂಗಾಡುತ್ತಿರುವಾಗ ಏನನ್ನು ನಿಲ್ಲಿಸಬೇಕೆಂದು ಹೇಳುವ ಧೈರ್ಯ ಮಾತ್ರ ಬರಹದಲ್ಲಿ ಇದ್ದರಷ್ಟೇ ಬರುತ್ತದೆ.

ಈ ಹಾಳೆಯ ಮೊದಲ ಸಾಲು ಡೆಲಿವರಿಯದಾಗಿರಲಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 42ನೇ ನಿಯಮದ ಪ್ರಕಾರ, ತಾತ್ಕಾಲಿಕವೋ ಶಾಶ್ವತವೋ ನೋಂದಣಿ ಆಗದ ವಾಹನವನ್ನು ಡೀಲರ್ ಗ್ರಾಹಕನಿಗೆ ಒಪ್ಪಿಸುವಂತಿಲ್ಲ. ವಾಹನ್ ನಿಂತರೆ ಕಾರೂ ನಿಲ್ಲಬೇಕು. ವಿಮೆ ಇಲ್ಲದ ಕಾರನ್ನು ರಸ್ತೆಗೆ ಇಳಿಸುವ ಮಾತಂತೂ ಇಲ್ಲವೇ ಇಲ್ಲ. ಮುಹೂರ್ತ ಮೀರುತ್ತದೆ ಎನ್ನುವ ಹಿರಿಯರಿಗೆ, ಪೂಜೆಯನ್ನು ಶೋರೂಮಿನ ಒಳಗೇ ನಿಗದಿತ ವೇಳೆಗೆ ಮಾಡಿಸಿ, ಕಾರನ್ನು ನೋಂದಣಿಯಾದ ಮೇಲೆ ಮನೆಗೇ ತಂದುಕೊಡುತ್ತೇವೆ ಎಂದು ವಿನಯದಿಂದ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ, ಹಬ್ಬದ ದಿನದ ಡೆಲಿವರಿಗಳ ಬಿಲ್, ವಿಮೆ, ತೆರಿಗೆ ಪಾವತಿ, ನೋಂದಣಿ ಮತ್ತು ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್ ಪ್ಲೇಟ್) ಅಳವಡಿಕೆಯನ್ನು ಎರಡು ದಿನ ಮೊದಲೇ ಮುಗಿಸಿ, ಆ ದಿನಕ್ಕೆ ಕೀಲಿ ಕೊಡುವುದೊಂದನ್ನೇ ಉಳಿಸಿಕೊಳ್ಳುವುದು. ಬ್ಯಾಂಕಿನ ಸಾಲ ಮಂಜೂರಾತಿ ಹಿಂದಿನ ದಿನ ಸಂಜೆಯವರೆಗೂ ಬಾರದ ಗ್ರಾಹಕನಿಗೆ ಹಬ್ಬದ ಬೆಳಗಿನ ಸಮಯವನ್ನು ಕೊಡಲೇಬಾರದು.

ಡಿಎಂಎಸ್ ಒಂದೇ ನಿಂತಿದ್ದರೆ ಬಿಲ್ ಮಾಡಲು ದಾರಿಯಿದೆ. ಜಿಎಸ್‌ಟಿ ನಿಯಮಗಳು ಒಂದಕ್ಕಿಂತ ಹೆಚ್ಚು ಬಿಲ್ ಸರಣಿಗಳನ್ನು ಇಟ್ಟುಕೊಳ್ಳಲು ಅವಕಾಶ ಕೊಡುತ್ತವೆ. ಸಂಖ್ಯೆ ಕ್ರಮವಾಗಿರಬೇಕು, ಆ ಹಣಕಾಸು ವರ್ಷದಲ್ಲಿ ಮರುಕಳಿಸಬಾರದು, 16 ಅಕ್ಷರಗಳನ್ನು ಮೀರಬಾರದು. ತುರ್ತು ಸಂದರ್ಭಕ್ಕೆಂದೇ ಬೇರೆ ಸರಣಿಯ ಬಿಲ್ ಪುಸ್ತಕಗಳನ್ನು ಮುದ್ರಿಸಿ, ಲೆಕ್ಕಪರಿಶೋಧಕರಿಂದಲೂ ಕಂಪನಿಯ ಏರಿಯಾ ಮ್ಯಾನೇಜರಿಂದಲೂ ಮೊದಲೇ ಲಿಖಿತ ಒಪ್ಪಿಗೆ ಪಡೆದು, ಬೀರುವಿನಲ್ಲಿ ಬೀಗ ಹಾಕಿಡಬೇಕು. ಆದರೆ ಜಿಎಸ್‌ಟಿ ಸಂಖ್ಯೆ ಇರುವ ಕಂಪನಿಯ ಹೆಸರಿನಲ್ಲಿ ಕೊಳ್ಳುವವರಿಗೆ ಈ ಪುಸ್ತಕದಿಂದ ಬಿಲ್ ಹರಿದುಕೊಡಬಾರದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಅಂಥ ಮಾರಾಟಕ್ಕೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದ್ದು, ಕಾರು ಶೋರೂಮುಗಳಲ್ಲಿ ಈ ಮಿತಿಯೊಳಗೆ ಉಳಿಯುವವು ಅಪರೂಪ.

ಕಾಗದದ ಬಿಲ್ ಬರೆಯಲು ಬೇಕಾದ ವಿವರ ಎಲ್ಲಿಂದ ಬರಬೇಕು? ಪ್ರತಿದಿನ ಸಂಜೆ ಅಂಗಡಿ ಮುಚ್ಚುವ ಮುನ್ನ ಡಿಎಂಎಸ್‌ನಿಂದ ಸ್ಟಾಕ್ ಪಟ್ಟಿಯನ್ನು ತೆಗೆದು, ನೆಟ್‌ವರ್ಕಿಗೆ ಸೇರದ ಒಂದು ಕಂಪ್ಯೂಟರಿನಲ್ಲಿ ಉಳಿಸಿ, ಒಂದು ಪ್ರತಿಯನ್ನು ಮುದ್ರಿಸಿಡುವ ಅಭ್ಯಾಸದಿಂದ ಬರಬೇಕು. ಅದರಲ್ಲಿ ಪ್ರತಿ ಕಾರಿನ ಚಾಸಿ ಮತ್ತು ಎಂಜಿನ್ ಸಂಖ್ಯೆ, ಬಣ್ಣ, ಯಾರ್ಡಿನಲ್ಲಿ ನಿಂತಿರುವ ಜಾಗ, ಕೀಲಿಯ ಸಂಖ್ಯೆ, ಯಾರಿಗೆ ಹಂಚಿಕೆಯಾಗಿದೆ, ಎಷ್ಟು ಹಣ ಬಂದಿದೆ, ಸಾಲ ಕೊಡುವ ಬ್ಯಾಂಕ್ ಯಾವುದು ಎಂಬಿಷ್ಟು ಇದ್ದರೆ ಸಾಕು. ನಾನು ಹಿಂದೆ ಕೆಲಸ ಮಾಡಿದ ಕಡೆ ಈ ಪಟ್ಟಿ ಇರಲಿಲ್ಲ. ಅರ್ಧ ದಿನ ಸರ್ವರ್ ನಿಂತ ಅವಧಿಯಲ್ಲಿ ಇಬ್ಬರು ಸೇಲ್ಸ್ ಹುಡುಗರು ಒಂದೇ ಬಿಳಿ ಕಾರನ್ನು ಇಬ್ಬರು ಗ್ರಾಹಕರಿಗೆ ತೋರಿಸಿ ಮುಂಗಡ ಪಡೆದರು. ವಿಷಯ ಗೊತ್ತಾದದ್ದು ಎರಡನೆಯವರು ಕೀಲಿ ಕೇಳಿದಾಗ.

ಕೈಯಲ್ಲಿ ಬರೆಯುವಾಗ ಹೆಚ್ಚು ತಪ್ಪಾಗುವುದು ಚಾಸಿ ಸಂಖ್ಯೆಯಲ್ಲಿ. ಅದರಲ್ಲಿ 17 ಅಕ್ಷರಗಳಿದ್ದು, ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವಂತಿಲ್ಲ. ಹೀಗಾಗಿ ದುಂಡಗೆ ಕಂಡದ್ದೆಲ್ಲ ಸೊನ್ನೆ ಎಂದೂ ನೆಟ್ಟಗೆ ಕಂಡ ಗೆರೆ ಒಂದು ಎಂದೂ ಬಿಲ್ಲಿಂಗ್ ಸಿಬ್ಬಂದಿಗೆ ಹೇಳಿಕೊಟ್ಟರೆ ಅರ್ಧ ಗೊಂದಲ ಕಳೆಯುತ್ತದೆ. ಪಟ್ಟಿಯಿಂದ ನಕಲು ಮಾಡಿದ ಸಂಖ್ಯೆಯನ್ನು ಕಾರಿನ ಮೇಲಿನ ಅಚ್ಚಿನೊಂದಿಗೆ ಇನ್ನೊಬ್ಬರು ಓದಿ ತಾಳೆ ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಬೀಳಬೇಕು.

ದರಪಟ್ಟಿಗೂ ಇದೇ ಶಿಸ್ತು ಬೇಕು. 2025ರ ಸೆಪ್ಟೆಂಬರ್ 22ರಂದು, ಅಂದರೆ ನವರಾತ್ರಿಯ ಮೊದಲ ದಿನವೇ, ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ದೊಡ್ಡವುಗಳದು ಶೇ 40 ಆಗಿ, ಪರಿಹಾರ ಸೆಸ್ ಹೋಯಿತು. ಅಂಥ ಬದಲಾವಣೆಯ ದಿನ ಹಳೆಯ ದರಪಟ್ಟಿ ಕೈಗೆ ಸಿಕ್ಕರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ. ಪಟ್ಟಿಯ ಮೇಲೆ ಜಾರಿಯ ದಿನಾಂಕವನ್ನು ದೊಡ್ಡದಾಗಿ ಬರೆದು, ಹೊಸದು ಬಂದ ಕ್ಷಣ ಹಳೆಯದನ್ನು ಹರಿದುಹಾಕಿ.

ವರ್ಕ್‌ಶಾಪಿನಲ್ಲಿ ಮೂರು ಪ್ರತಿಯ ಜಾಬ್ ಕಾರ್ಡ್ ಪುಸ್ತಕ ಸಾಕು: ಓಡಿದ ಕಿಲೋಮೀಟರ್, ಇಂಧನದ ಮಟ್ಟ, ಗ್ರಾಹಕ ಹೇಳಿದ ದೂರು ಅವನದೇ ಮಾತಿನಲ್ಲಿ, ಕಾರಿನೊಳಗೆ ಬಿಟ್ಟ ವಸ್ತುಗಳು. ಆಯಿಲ್ ಬದಲಾವಣೆ, ಬ್ರೇಕ್ ಪ್ಯಾಡ್, ಬ್ಯಾಟರಿಯಂಥ ಕೆಲಸಗಳನ್ನು ನಡೆಸಿ. ವಾರಂಟಿ ಮಂಜೂರಾತಿ ಬೇಕಾದವನ್ನೂ ಕಂಪನಿಯ ಸರ್ವರಿಗೆ ಸಂಪರ್ಕವಿಲ್ಲದೆ ತಪಾಸಣಾ ಯಂತ್ರ ತೆರೆಯದ ಕೆಲಸಗಳನ್ನೂ ಮುಂದೂಡಿ. ಹೆಚ್ಚಾಗಿ ಬಳಕೆಯಾಗುವ ಬಿಡಿಭಾಗಗಳ ಸಂಖ್ಯೆ, ದರ, ಇರುವ ಕಪಾಟಿನ ಪಟ್ಟಿಯನ್ನು ವಾರಕ್ಕೊಮ್ಮೆ ಮುದ್ರಿಸಿದರೆ ಸಾಲುತ್ತದೆ.

ನಗದು ಕೌಂಟರಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಪಡೆಯುವಂತಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ರಸೀದಿಯಲ್ಲಿ ಪಡೆದದ್ದೂ ಒಟ್ಟು ಲೆಕ್ಕಕ್ಕೇ ಸೇರುತ್ತದೆ. ಎಷ್ಟು ಬಂದಿದೆ ಎಂದು ಎಚ್ಚರಿಸುವ ಕಂಪ್ಯೂಟರ್ ಇಲ್ಲದ ದಿನ ನಗದನ್ನೇ ಮುಟ್ಟದಿರುವುದು ಉತ್ತಮ.

ಸರ್ವರ್ ನಿಂತಿರುವುದು ಬರೀ ತಾಂತ್ರಿಕ ದೋಷವಲ್ಲ, ದಾಳಿ ಎಂಬ ಸಂಶಯ ಬಂದರೆ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ಐಟಿ ಜವಾಬ್ದಾರಿ ಹೊತ್ತವರಿಗೆ ತಿಳಿಸಬೇಕು. ನಮ್ಮದೇ ವ್ಯವಸ್ಥೆಗೆ ದಾಳಿಯಾಗಿದ್ದರೆ, 2022ರ ನಿರ್ದೇಶನದಂತೆ ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಗೆ 6 ಗಂಟೆಗಳೊಳಗೆ ವರದಿ ಮಾಡಬೇಕು. ಸಿಡಿಕೆ ಪ್ರಕರಣದಲ್ಲಿ ವಂಚಕರು ಅದೇ ಕಂಪನಿಯ ಸಿಬ್ಬಂದಿಯಂತೆ ನಟಿಸಿ ಡೀಲರುಗಳನ್ನು ಸಂಪರ್ಕಿಸತೊಡಗಿದ್ದರು. ಸಹಾಯ ಮಾಡುತ್ತೇನೆಂದು ಯಾರೇ ಫೋನ್ ಮಾಡಿ ಪಾಸ್‌ವರ್ಡ್ ಅಥವಾ ಒಟಿಪಿ ಕೇಳಿದರೂ ಕರೆ ಮುಗಿಸಿ, ಗೋಡೆಗೆ ಅಂಟಿಸಿರುವ ಅಧಿಕೃತ ಸಂಖ್ಯೆಗೆ ನಾವೇ ಕರೆ ಮಾಡುವುದು ನಿಯಮವಾಗಲಿ. ಬಿಟ್ಟುಹೋದ ನೌಕರನ ಲಾಗಿನ್ ಅನ್ನು ಮೂವರು ಹಂಚಿಕೊಳ್ಳುವ ಪದ್ಧತಿ ಎಷ್ಟೋ ಶೋರೂಮುಗಳಲ್ಲಿದೆ. ಅದಿರುವ ತನಕ ಬೇರೆ ಯಾವ ಎಚ್ಚರಿಕೆಗೂ ಬೆಲೆಯಿಲ್ಲ. ಗ್ರಾಹಕರ ಆಧಾರ್, ಪ್ಯಾನ್ ಚಿತ್ರಗಳನ್ನು ಸೇಲ್ಸ್ ಸಿಬ್ಬಂದಿಯ ಸ್ವಂತ ವಾಟ್ಸ್ಆ್ಯಪ್‌ಗೆ ತರಿಸಿಕೊಳ್ಳುವುದನ್ನೂ ಆ ದಿನದ ಗಡಿಬಿಡಿಯ ನೆಪದಲ್ಲಿ ಒಪ್ಪಬೇಡಿ. ಶೋರೂಮಿನ ಒಂದೇ ಫೋನಿಗೆ ಬರಲಿ.

ಇವೆಲ್ಲವನ್ನೂ ಆಷಾಢದಲ್ಲಿ ಒಂದು ದಿನ, ವ್ಯಾಪಾರ ತೆಳುವಾಗಿರುವಾಗ, ಮಧ್ಯಾಹ್ನದವರೆಗೆ ಡಿಎಂಎಸ್ ಮುಟ್ಟದೆ ಮಾಡಿ ನೋಡಬೇಕು. ಕಾರ್ಬನ್ ಹಾಳೆ ಮುಗಿದಿರುವುದು, ಬೀರುವಿನ ಕೀಲಿ ರಜೆ ಹೋದವರ ಬಳಿ ಇರುವುದು ಆಗಲೇ ತಿಳಿಯುತ್ತದೆ.

ವ್ಯವಸ್ಥೆ ಮರಳಿ ಬಂದ ಮೇಲೆ ಎಲ್ಲರೂ ಒಮ್ಮೆಲೇ ಕಂಪ್ಯೂಟರಿಗೆ ಮುಗಿಬೀಳದಂತೆ ತಡೆಯಬೇಕು. ಮೊದಲು ಹೊರಹೋದ ಕಾರುಗಳು, ಆಮೇಲೆ ರಸೀದಿಗಳು, ಕೊನೆಗೆ ಜಾಬ್ ಕಾರ್ಡು ಮತ್ತು ಬಿಡಿಭಾಗಗಳು: ಈ ಕ್ರಮದಲ್ಲಿ ಒಬ್ಬರು ಎಂಟ್ರಿ ಮಾಡಲಿ, ಇನ್ನೊಬ್ಬರು ಕಾಗದದ ಮೇಲೆ ಗುರುತು ಹಾಕಲಿ. ಹೊರಹೋದ ಕಾರುಗಳ ಎಣಿಕೆಯನ್ನು ಗೇಟಿನ ಕಾವಲುಗಾರನ ಪುಸ್ತಕದೊಂದಿಗೆ ತಾಳೆ ಮಾಡಿ. ನನ್ನ ಅನುಭವದಲ್ಲಿ ಶೋರೂಮಿನ ಅತ್ಯಂತ ನಂಬಲರ್ಹ ದಾಖಲೆ ಅದೇ, ಏಕೆಂದರೆ ಅವನಿಗೆ ತಿಂಗಳ ಟಾರ್ಗೆಟ್ ಇರುವುದಿಲ್ಲ. ಲೆಕ್ಕ ಕೂಡಿದ ಮೇಲೆ ಬಳಸಿದ ಬಿಲ್ ಪುಸ್ತಕಗಳನ್ನು, ರದ್ದಾದ ಹಾಳೆಗಳ ಸಮೇತ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳ ಕಾಲ ಕಾಪಾಡಿಡಬೇಕು.