ಮೂಲೆಗೆ ಬಿದ್ದ ಚೈನ್ ಸಾ: ಕೊನೆಯ ಪೆಟ್ರೋಲ್ ಯಾರು ಹಾಕಿದರು ಎಂದು ಮೊದಲು ಕೇಳಿ

ಆಲಮಟ್ಟಿಯ ಹಿನ್ನೀರು ಸರಿದ ಮೇಲೆ ಬೀಳಗಿ ತಾಲ್ಲೂಕಿನ ನಮ್ಮ ಬದುಗಳಲ್ಲಿ ಪ್ರತಿ ಬೇಸಿಗೆಗೂ ಒಂದು ಕೆಲಸ ಕಾದಿರುತ್ತದೆ: ಬಳ್ಳಾರಿ ಜಾಲಿ ಕಡಿಯುವುದು. ಒಂದು ವರ್ಷ ಕೈಬಿಟ್ಟರೆ ಅದು ಬದು ಇಳಿದು ಬಿಳಿಜೋಳದ ಸಾಲಿನೊಳಗೆ ಬರುತ್ತದೆ. ಬುಡಕ್ಕೆ ಕಡಿದರೂ ಮತ್ತೆ ಚಿಗುರುತ್ತದೆ. ಕೊಡಲಿ ಹಿಡಿಯುವ ಆಳುಗಳು ಕಡಿಮೆಯಾದಂತೆ ನಮ್ಮ ಕಡೆಗೂ ಪೆಟ್ರೋಲ್ ಗರಗಸಗಳು ಬಂದವು. ಬಂದ ಕೆಲವೇ ವರ್ಷಗಳಲ್ಲಿ ಹಲವು ಕೊಟ್ಟಿಗೆಯ ಮೂಲೆ ಸೇರಿದವು.

ಮೂಲೆ ಸೇರಿದ ಇಂಥ ಎರಡು ಯಂತ್ರಗಳನ್ನು ನಾನು ಕೊಂಡಿದ್ದೇನೆ. ಎರಡೂ 52 ಸಿಸಿಯವು, ಒಂದೊಂದಕ್ಕೆ ಎರಡೂವರೆ ಸಾವಿರ ರೂಪಾಯಿ. ಮೊದಲನೆಯದು ಬಿಡಿಭಾಗಗಳಿಗಷ್ಟೇ ಉಳಿಯಿತು. ಎರಡನೆಯದು ಮೂರು ಬೇಸಿಗೆಯಿಂದ ಜಾಲಿ ಕೊಯ್ಯುತ್ತಿದೆ. ಹೊರಗಿನಿಂದ ನೋಡಿದರೆ ಎರಡರಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಅವುಗಳಿಗೆ ಕೊನೆಯ ಸಲ ಹಾಕಿದ ಪೆಟ್ರೋಲಿನಲ್ಲಿ.

ಚೈನ್ ಸಾ ಎರಡು ಸ್ಟ್ರೋಕಿನ ಯಂತ್ರ. ಅದರ ಎಂಜಿನ್‌ಗೆ ಬೈಕಿಗಿರುವಂತೆ ಪ್ರತ್ಯೇಕ ಆಯಿಲ್ ಇರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಆಯಿಲ್ ಒಂದೇ ಪಿಸ್ಟನ್‌ಗೆ ಕೀಲೆಣ್ಣೆ. ನಮ್ಮ ಊರುಗಳಲ್ಲಿ ಯಂತ್ರ ಒಬ್ಬರ ಮನೆಯಲ್ಲಿ ನಿಲ್ಲುವುದಿಲ್ಲ. ಸಲಿಕೆ, ಕುಡಗೋಲಿನಂತೆ ಅದನ್ನೂ ಕಡ ಒಯ್ಯುತ್ತಾರೆ. ಒಯ್ದವರು ಪೆಟ್ರೋಲ್ ಮುಗಿದಾಗ ಬೈಕಿನಿಂದ ತೆಗೆದು ಸುರಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಗೀರಿ ಹಿಡಿದುಕೊಳ್ಳುತ್ತದೆ. ನನ್ನ ಮೊದಲ ಯಂತ್ರ ಸತ್ತದ್ದು ಹೀಗೆ. ಎರಡನೆಯದರಲ್ಲಿ ಆಯಿಲ್ ಬೆರೆತ ಪೆಟ್ರೋಲ್ ಎರಡು ವರ್ಷ ಹಾಗೇ ನಿಂತು ಕಾರ್ಬ್ಯುರೇಟರ್ ಕಟ್ಟಿಕೊಂಡಿತ್ತು. ಮೊದಲ ರೋಗಕ್ಕೆ ಖರ್ಚು ಹೆಚ್ಚು, ಎರಡನೆಯದಕ್ಕೆ ಒಂದು ಮಧ್ಯಾಹ್ನ ಸಾಕು. ಎರಡನ್ನೂ ಬೇರೆ ಮಾಡಿ ಗುರುತಿಸುವುದೇ ಮೊದಲ ಹೆಜ್ಜೆ, ಅದೂ ಹಣ ಎಣಿಸುವ ಮೊದಲು.

ಕೊಳ್ಳುವ ಮುನ್ನ ಐದು ನಿಮಿಷ

ಟ್ಯಾಂಕಿನ ಮುಚ್ಚಳ ತೆಗೆದು ಉಳಿದ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿ. ಸಾಮಾನ್ಯವಾಗಿ 2ಟಿ ಆಯಿಲ್‌ಗೆ ನೀಲಿ, ಹಸಿರು ಅಥವಾ ಕೆಂಪು ಬಣ್ಣ ಸೇರಿಸಿರುತ್ತಾರೆ. ಪೆಟ್ರೋಲಿನಲ್ಲಿ ಆ ಛಾಯೆ ಚೂರೂ ಕಾಣದಿದ್ದರೆ ಅನುಮಾನ ಪಡಿ. ಹಳೆಯ ವಾರ್ನಿಷ್‌ನಂತೆ ವಾಸನೆ ಬಂದರೆ ಅದು ಬಹಳ ದಿನ ನಿಂತ ಪೆಟ್ರೋಲ್. ಆ ವಾಸನೆ ನನಗೆ ಈಗ ಸಮಾಧಾನ ಕೊಡುತ್ತದೆ.

ಆಮೇಲೆ ಯಂತ್ರ ಚಾಲೂ ಮಾಡಲು ಎಳೆಯುವ ಹಗ್ಗದ ಹಿಡಿಯನ್ನು ಹಿಡಿದು ಇಡೀ ಯಂತ್ರವನ್ನು ಗಾಳಿಯಲ್ಲಿ ತೂಗಿ. ಸಿಲಿಂಡರಿನ ಒತ್ತಡ ಚೆನ್ನಾಗಿದ್ದರೆ ಅದು ತಡೆದು ತಡೆದು ಕೆಳಗಿಳಿಯುತ್ತದೆ. ಸರ್ರನೆ ಜಾರಿದರೆ ಸಿಲಿಂಡರಿನಲ್ಲಿ ಹುರುಳಿಲ್ಲ. ಒತ್ತಡ ಅಳೆಯುವ ಗೇಜ್ ಇರುವ ಗ್ಯಾರೇಜ್ ಹತ್ತಿರವಿದ್ದರೆ ಇನ್ನೂ ಒಳ್ಳೆಯದು: 120 ಪಿಎಸ್‌ಐಗಿಂತ ಮೇಲಿದ್ದರೆ ಧೈರ್ಯವಾಗಿ ಕೊಳ್ಳಬಹುದು, 90ಕ್ಕಿಂತ ಕೆಳಗಿದ್ದರೆ ಚಾಲೂ ಮಾಡುವುದೇ ಕಷ್ಟ.

ಕೊನೆಯ ಪರೀಕ್ಷೆಯನ್ನು ಮಾತ್ರ ಯಾರೂ ತಪ್ಪಿಸಬಾರದು. ಸೈಲೆನ್ಸರ್ ಹಿಡಿದಿರುವ ಎರಡು ಮೂರು ಬೋಲ್ಟ್ ಬಿಚ್ಚಿ ಅದನ್ನು ಪಕ್ಕಕ್ಕಿಡಿ. ಹೊಗೆ ಹೋಗುವ ಕಿಂಡಿಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಹಗ್ಗವನ್ನು ನಿಧಾನವಾಗಿ ಎಳೆಯಿರಿ. ಪಿಸ್ಟನ್‌ನ ಗೋಡೆ ಎದುರಿಗೇ ಕಾಣುತ್ತದೆ. ಅದರ ಮೇಲೆ ಸಣ್ಣ ಅಡ್ಡಗೆರೆಗಳಿದ್ದರೆ ಹೆದರಬೇಡಿ, ಅವು ಕಾರ್ಖಾನೆಯಲ್ಲಿ ಕಡೆದ ಗುರುತು. ಮೇಲಿನಿಂದ ಕೆಳಕ್ಕೆ ಉಗುರಿನಿಂದ ಪರಚಿದಂತೆ ಗೀರುಗಳಿದ್ದರೆ ಎಣ್ಣೆಯಿಲ್ಲದೆ ಅಥವಾ ಎಣ್ಣೆ ಸಾಲದೆ ಓಡಿಸಿರುವ ಸಾಧ್ಯತೆಯೇ ಹೆಚ್ಚು. ಮಾರುವವರು ಬಿಚ್ಚಲು ಒಪ್ಪದಿದ್ದರೆ ಎದ್ದು ಬನ್ನಿ. ಮೊದಲ ಯಂತ್ರವನ್ನು ಬಾಗಲಕೋಟೆಯ ನವನಗರದಲ್ಲಿ ಕೊಳ್ಳುವಾಗ ನಾನು ಸಂಕೋಚಪಟ್ಟು ಇದೊಂದನ್ನು ಕೇಳಲಿಲ್ಲ. ಮನೆಗೆ ತಂದು ಬಿಚ್ಚಿದಾಗ ಪಿಸ್ಟನ್ ತುಂಬ ಗೀರುಗಳಿದ್ದವು.

ಕಿಡಿ

ಯಂತ್ರ ಮನೆಗೆ ಬಂದ ಮೇಲೆ ಚೈನ್ ಮತ್ತು ಅದು ಸುತ್ತುವ ಉದ್ದ ಪಟ್ಟಿಯನ್ನು, ಅಂದರೆ ಬಾರನ್ನು, ಕಳಚಿ ದೂರವಿಡಿ. ಕೆಲಸ ಮುಗಿಯುವವರೆಗೆ ಅವು ಬೇಡ.

ಪ್ಲಗ್ ಬಿಚ್ಚಿ ನೋಡಿ. ನಾಲ್ಕಾರು ಸಲ ಹಗ್ಗ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ; ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಅತಿಯಾಗಿದೆ. ಹೊಸ ಪ್ಲಗ್ ತಂದು ತುದಿಯ ಅಂತರವನ್ನು 0.5 ಮಿ.ಮೀ.ಗೆ ಹೊಂದಿಸಿ. ಕ್ಯಾಪ್ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ತಾಗಿಸಿ, ನೆರಳಿನಲ್ಲಿ ಹಗ್ಗ ಎಳೆಯಿರಿ. ಪ್ಲಗ್ ಕೂರುವ ರಂಧ್ರದಿಂದ ಪೆಟ್ರೋಲ್ ಆವಿ ಬರುವುದರಿಂದ ಅದರಿಂದ ದೂರವೇ ಹಿಡಿಯಿರಿ. ನೀಲಿ ಕಿಡಿ ಚಟ್ಟೆಂದು ಹಾರಿದರೆ ಮುಂದಕ್ಕೆ ಹೋಗಿ.

ಹಾರದಿದ್ದರೆ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್‌ಗೆ ದುಡ್ಡು ಹಾಕುವ ಮೊದಲು, ಆಫ್ ಸ್ವಿಚ್ಚಿನಿಂದ ಕಾಯಿಲ್‌ಗೆ ಬರುವ ಸಣ್ಣ ತಂತಿಯನ್ನು ಕಳಚಿ ಮತ್ತೊಮ್ಮೆ ಎಳೆದು ನೋಡಿ. ಆ ತಂತಿಯ ರಬ್ಬರ್ ಸವೆದು ಲೋಹಕ್ಕೆ ತಾಗಿದರೂ ಕಿಡಿ ಸಾಯುತ್ತದೆ. ಆಮೇಲೆ ಹಗ್ಗ ಎಳೆದಾಗ ತಿರುಗುವ ಚಕ್ರದ, ಅಂದರೆ ಫ್ಲೈವೀಲ್‌ನ, ಅಯಸ್ಕಾಂತಕ್ಕೂ ಕಾಯಿಲ್‌ಗೂ ನಡುವಿನ ಸಂದಿ. ಅದು ಸುಮಾರು 0.3 ಮಿ.ಮೀ. ಇರಬೇಕು. ತುಕ್ಕನ್ನು ಸಣ್ಣ ಉಸುಕಿನ ಕಾಗದದಿಂದ ತಿಕ್ಕಿ, ಕಾಯಿಲ್ ಸಡಿಲಿಸಿ, ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು, ಅಯಸ್ಕಾಂತ ಎಳೆದುಕೊಂಡಾಗ ತಿರುಪು ಬಿಗಿ ಮಾಡಿ, ಕಾರ್ಡ್ ತೆಗೆಯಿರಿ. ಇಷ್ಟಾದರೂ ಕಿಡಿ ಇಲ್ಲದಿದ್ದರೆ ಹೊಸ ಕಾಯಿಲ್ ಹಾಕುವುದೇ ದಾರಿ.

ಪೆಟ್ರೋಲ್ ಹರಿಯುವ ದಾರಿ

ಹತ್ತರಲ್ಲಿ ಎಂಟು ಸಲ ರೋಗ ಇಲ್ಲೇ ಎಂಬುದು ಬೀಳಗಿಯಲ್ಲಿ ನನಗೆ ಈ ಕೆಲಸ ಕಲಿಸಿದ ಹಿರಿಯ ಮಿಸ್ತ್ರಿ ಕಾಕಾನ ಮಾತು. ಅವರು ಲೂನಾ ಮತ್ತು ಟಿವಿಎಸ್ ಮೊಪೆಡ್‌ಗಳ ಕಾಲದವರು. ನಿಮ್ಮ ಊರಿನಲ್ಲಿ ಅಂಥವರು ಇನ್ನೂ ಇದ್ದರೆ ಅವರ ಪಕ್ಕ ಕುಳಿತು ಕಲಿಯಿರಿ. ಎರಡು ಸ್ಟ್ರೋಕಿನ ಎಂಜಿನ್‌ನ ಮಾತು ಅವರಿಗೆ ತಿಳಿಯುವಷ್ಟು ಹೊಸ ಹುಡುಗರಿಗೆ ತಿಳಿಯುವುದಿಲ್ಲ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20%ವರೆಗೆ ಎಥೆನಾಲ್ ಇರುತ್ತದೆ. ಆ ಎಥೆನಾಲ್‌ನ ಒಂದು ಪಾಲು ಮುಧೋಳ, ಚಿಕ್ಕೋಡಿ ಕಡೆಯ ನಮ್ಮದೇ ಕಬ್ಬಿನಿಂದ ಬರುತ್ತದೆ. ಕಬ್ಬು ಬೆಳೆಯುವವನಾಗಿ ನನಗೆ ಅದರ ಬಗ್ಗೆ ದೂರಿಲ್ಲ. ಆದರೆ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಹಾಳು ಮಾಡುತ್ತದೆ. ತಿಂಗಳುಗಟ್ಟಲೆ ನಿಂತರೆ ಪೈಪ್ ಬಿರಿಯುತ್ತದೆ, ಕಾರ್ಬ್ಯುರೇಟರಿನ ಪೊರೆ ಗಡುಸಾಗುತ್ತದೆ, ಕಿರುದಾರಿಗಳಲ್ಲಿ ಅಂಟು ಕೂರುತ್ತದೆ.

ಟ್ಯಾಂಕಿನಿಂದ ಶುರು ಮಾಡಿ. ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಒಳಗಿನ ಪೈಪನ್ನು ಹೊರಗೆಳೆಯಿರಿ. ಅದರ ತುದಿಯಲ್ಲಿ ಬೆರಳ ತುದಿಯಷ್ಟು ಫಿಲ್ಟರ್ ಇರುತ್ತದೆ. ಅದನ್ನು ತೊಳೆಯುವ ಗೋಜಿಗೆ ಹೋಗದೆ ಹೊಸದನ್ನೇ ಹಾಕಿ, ಬೆಲೆ ಕಡಿಮೆ. ಪೈಪನ್ನು ಮಡಚಿ ನೋಡಿ. ಬಿರುಕು ಬಿಟ್ಟಿದ್ದರೆ ಅದೂ ಹೊಸದೇ ಬೇಕು, ಏಕೆಂದರೆ ಕಣ್ಣಿಗೆ ಕಾಣದ ಬಿರುಕೂ ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ರಂಧ್ರವನ್ನೂ ಮರೆಯಬೇಡಿ. ಅದು ಮುಚ್ಚಿದ್ದರೆ ಯಂತ್ರ ಐದು ನಿಮಿಷ ಓಡಿ ನಿಲ್ಲುತ್ತದೆ, ಮುಚ್ಚಳ ಸಡಿಲಿಸಿದ ಕೂಡಲೇ ಮತ್ತೆ ಓಡುತ್ತದೆ.

ಇನ್ನು ಕಾರ್ಬ್ಯುರೇಟರ್. ಬೈಕಿನದರಂತೆ ಇದರಲ್ಲಿ ತೇಲುಬುರುಡೆ ಇಲ್ಲ. ಗರಗಸವನ್ನು ಅಡ್ಡ ಹಿಡಿದರೂ ಕೊಯ್ಯಬೇಕಲ್ಲ, ಅದಕ್ಕಾಗಿ ತೆಳುವಾದ ಎರಡು ಪೊರೆಗಳೇ ಪೆಟ್ರೋಲನ್ನು ಎಳೆದು ಅಳೆದು ಕೊಡುತ್ತವೆ. ಪ್ರತಿ ಪದರ ಬಿಚ್ಚುವಾಗಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಗ್ಯಾಸ್ಕೆಟ್ ಮತ್ತು ಪೊರೆಯ ಕ್ರಮ ತಪ್ಪಿದರೆ ಎಷ್ಟು ಎಳೆದರೂ ಯಂತ್ರ ಎದ್ದೇಳದು. ಪೊರೆ ಬಟ್ಟೆಯಂತೆ ಮೆತ್ತಗಿರಬೇಕು. ಒಣಗಿದ ಹಪ್ಪಳದಂತೆ ಗಡುಸಾಗಿದ್ದರೆ ಪೊರೆ, ಗ್ಯಾಸ್ಕೆಟ್, ಸೂಜಿ ಒಟ್ಟಿಗೆ ಬರುವ ಕಿಟ್ ಹಾಕಿ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಪೊರೆಗಳನ್ನು ತೆಗೆದಿಟ್ಟ ಮೇಲೆಯೇ ಪಂಕ್ಚರ್ ಅಂಗಡಿಯ ಗಾಳಿ ಹಿಡಿಯಿರಿ. ರಂಧ್ರಗಳಿಗೆ ತಂತಿ ಮಾತ್ರ ತೂರಿಸಬೇಡಿ. ಒಳಗೆ ಒಂದು ಚಿಕ್ಕ ಜಾಲರಿ ಇರುತ್ತದೆ, ಅಂಟು ಮೊದಲು ಕಟ್ಟುವುದು ಅದರಲ್ಲೇ. ಹೊರಗಿನ ಏರ್ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ.

ಬೆರಕೆ ಮತ್ತು ಚಾಲನೆ

ಹೊಸ ಪೆಟ್ರೋಲ್, ಹೊಸ 2ಟಿ ಆಯಿಲ್. ಕೈಪಿಡಿಯಲ್ಲಿ ಅಥವಾ ಟ್ಯಾಂಕಿನ ಮೇಲೆ 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50:1 ಎಂದಿದ್ದರೆ 20 ಮಿ.ಲೀ. ಔಷಧಿ ಅಂಗಡಿಯ ಸಿರಿಂಜಿನಿಂದ ಅಳೆಯಿರಿ, ಅಂದಾಜಿನಿಂದ ಸುರಿಯಬೇಡಿ. ಟ್ಯಾಂಕಿನೊಳಗೆ ಅಲ್ಲ, ಬೇರೆ ಕ್ಯಾನಿನಲ್ಲಿ ಬೆರೆಸಿ, ಅಲುಗಾಡಿಸಿ, ಆಮೇಲೆ ತುಂಬಿ.

ಈಗ ಬಾರ್, ಚೈನ್ ಕೂರಿಸಿ. ಯಂತ್ರವನ್ನು ನೆಲದ ಮೇಲಿಟ್ಟು, ಹಿಂದಿನ ಹಿಡಿಯಲ್ಲಿ ಬಲಗಾಲಿನ ಬೂಟಿನ ತುದಿ ಇಟ್ಟು, ಮುಂದಿನ ಹಿಡಿಯನ್ನು ಎಡಗೈಯಿಂದ ಒತ್ತಿ ಹಿಡಿಯಿರಿ. ಚೈನ್ ಬ್ರೇಕ್ ಹಾಕಿರಲಿ. ಗಾಳಿಯಲ್ಲಿ ತೂಗಾಡಿಸಿ ಹಗ್ಗ ಎಳೆಯುವವರನ್ನು ಎಲ್ಲ ಊರುಗಳಲ್ಲೂ ನೋಡುತ್ತೇವೆ. ತೊಡೆಗೆ ಪೆಟ್ಟು ಬೀಳುವುದು ಹಾಗೆಯೇ. ಚೋಕ್ ಪೂರ್ತಿ ಎಳೆದು, ಒಮ್ಮೆ 'ಡಬ್' ಎನ್ನುವವರೆಗೆ ಎಳೆಯಿರಿ. ಆ ಸದ್ದು ಬಂದ ತಕ್ಷಣ ಚೋಕ್ ಅರ್ಧಕ್ಕೆ ತಂದು ಮತ್ತೆ ಎಳೆಯಿರಿ. ಮೊದಲ ಸದ್ದನ್ನು ಕೇಳಿಸಿಕೊಳ್ಳದೆ ಚೋಕ್ ಹಾಗೇ ಬಿಟ್ಟರೆ ಪೆಟ್ರೋಲ್ ತುಂಬಿ ಪ್ಲಗ್ ಮುಳುಗುತ್ತದೆ. ಆಗ ಪ್ಲಗ್ ತೆಗೆದು ಒರೆಸಿ, ಚೋಕ್ ಇಲ್ಲದೆ ಹತ್ತು ಸಲ ಎಳೆದು ಒಳಗಿನದನ್ನು ಹೊರಹಾಕಿ.

ಓಡಿದ ಮೇಲೆ ಕಾರ್ಬ್ಯುರೇಟರಿನ ಎಲ್, ಎಚ್ ತಿರುಪುಗಳ ಕಡೆ ಕೈ ಹೋಗುತ್ತದೆ. ಎಲ್ ನಿಧಾನ ಓಟದ ಪೆಟ್ರೋಲಿಗೆ, ಎಚ್ ಪೂರ್ಣ ವೇಗದ ಪೆಟ್ರೋಲಿಗೆ. ಯಂತ್ರ ನಿಲ್ಲಿಸಿ, ಎರಡನ್ನೂ ಮೆಲ್ಲಗೆ ಒಳಕ್ಕೆ ತಿರುಗಿಸಿ ತಡೆದಲ್ಲಿಂದ ಒಂದು ಸುತ್ತು ಹೊರಗೆ ಬಿಟ್ಟರೆ ಸಾಮಾನ್ಯವಾಗಿ ಓಡಲು ಸಾಕು. ನಿಧಾನ ಓಟದಲ್ಲಿ ಚೈನ್ ತಿರುಗಬಾರದು. ತಿರುಗಿದರೆ ಐಡಲ್ ತಿರುಪು ತಗ್ಗಿಸಿ. ಎಚ್ ತಿರುಪನ್ನು ಸದ್ದು ಚುರುಕಾಗಲಿ ಎಂದು ಒಳಕ್ಕೆ ತಿರುಗಿಸುತ್ತಾ ಹೋದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಜೊತೆಗೆ ಎಣ್ಣೆಯೂ. ಪೂರ್ಣ ವೇಗದಲ್ಲಿ ಸದ್ದು ಸ್ವಲ್ಪ ಒರಟಾಗಿದ್ದು, ಮರಕ್ಕೆ ತಾಗಿಸಿದಾಗ ನಯವಾದರೆ ಅದೇ ಸರಿಯಾದ ಹದ.

ಚೈನ್

ಸರಿಯಾಗಿ ಓಡುವ ಯಂತ್ರವೂ ಮೊಂಡು ಚೈನ್ ಇದ್ದರೆ ಹಿಟ್ಟು ಉದುರಿಸುತ್ತದೆ. ಹರಿತವಾದದ್ದು ಚಕ್ಕೆ ಹಾರಿಸುತ್ತದೆ. 0.325 ಇಂಚು ಪಿಚ್‌ನ (ಕೊಂಡಿಗಳ ಅಂತರದ ಅಳತೆ) ಚೈನ್‌ಗೆ 4.8 ಮಿ.ಮೀ. ದುಂಡು ಅರ. ಹಲ್ಲಿನ ಮೇಲಿನ 30 ಡಿಗ್ರಿ ಗುರುತು ಹಿಡಿದು, ಒಳಗಿನಿಂದ ಹೊರಕ್ಕೆ ಮಾತ್ರ, ಪ್ರತಿ ಹಲ್ಲಿಗೂ ಒಂದೇ ಎಣಿಕೆ. ಹಿನ್ನೀರಿನ ಹೂಳು ಮೆತ್ತಿದ ಜಾಲಿಯ ಬುಡವನ್ನು ಕೊಯ್ಯುವ ಮೊದಲು ತೊಗಟೆ ಕೆರೆಯಿರಿ. ಆ ಮಣ್ಣು ಚೈನನ್ನು ಕ್ಷಣದಲ್ಲಿ ಮೊಂಡು ಮಾಡುತ್ತದೆ.

ಚೈನ್ ಆಯಿಲ್‌ನ ಟ್ಯಾಂಕಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಹಾಕುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪನ್ನು ತಿನ್ನುತ್ತದೆ. ದಯವಿಟ್ಟು ಹಾಕಬೇಡಿ. ಬಾರಿನ ತುದಿಯನ್ನು ಬಿಳಿ ಕಾಗದದ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಹಿಡಿದು ವೇಗ ಕೊಟ್ಟರೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಬಾರಿನ ಬುಡದ ರಂಧ್ರ ಕಟ್ಟಿದೆ. ಪೂರ್ಣ ವೇಗದಲ್ಲಿ ಚೈನ್ ಬ್ರೇಕ್ ತಳ್ಳಿ ನೋಡಿ. ಚೈನ್ ತಟ್ಟನೆ ನಿಲ್ಲದಿದ್ದರೆ ಆ ಯಂತ್ರದಿಂದ ಒಂದು ಕೊಂಬೆಯನ್ನೂ ಕೊಯ್ಯಬೇಡಿ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಮುಖದತ್ತ ಚಿಮ್ಮುತ್ತದೆ, ಆಗ ಕಾಯುವುದು ಆ ಬ್ರೇಕ್ ಮಾತ್ರ. ಧೋತರ, ಹೆಗಲ ಮೇಲಿನ ಟವೆಲ್ ಮನೆಯಲ್ಲಿರಲಿ. ಬೂಟು, ಕೈಗವಸು, ಕಣ್ಣಿಗೆ ಕನ್ನಡಕ ಇರಲಿ.

ಹಂಗಾಮು ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಯಂತ್ರ ಓಡಿಸಿ ಒಳಗಿಡಿ. ಬೆರೆಸಿದ ಪೆಟ್ರೋಲಿನ ಕ್ಯಾನಿನ ಮೇಲೆ ನಾನು ಕೆಂಪು ಬಣ್ಣದಲ್ಲಿ 'ಗರಗಸಕ್ಕೆ' ಎಂದು ಬರೆದಿದ್ದೇನೆ. ಯಾರಾದರೂ ಯಂತ್ರ ಕಡ ಕೇಳಿದರೆ ಆ ಕ್ಯಾನನ್ನೂ ಜೊತೆಗೇ ಕೊಡುತ್ತೇನೆ. ಕ್ಯಾನ್ ಬೇಡ, ಪೆಟ್ರೋಲ್ ನಮ್ಮಲ್ಲಿದೆ ಎಂದವರಿಗೆ ಯಂತ್ರ ಕೊಡುವುದಿಲ್ಲ.